ಮಾವನ ಹಂಚಿನ ಮುಂದೆ ಒಂದು ಸ್ಟಾಪ್‌ವಾಚ್

ಹೋದ ವರ್ಷ ನಮ್ಮ ಸೋದರಮಾವ ಹೋಟೆಲಿಗೆ ನಾಲ್ಕು ಹೊಸ ಟೇಬಲ್ ಹಾಕಿಸಿದರು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟವರಿಗೆ ಭಾನುವಾರ ಅಂದರೆ ಏನಂತ ಗೊತ್ತಲ್ಲ. ಬೆಳಗ್ಗೆ ಎಂಟಕ್ಕೇ ಬಾಗಿಲ ಹೊರಗೆ ಜನ. ತಿನ್ನುತ್ತಿರುವವರ ಬೆನ್ನ ಹಿಂದೆಯೇ ಇನ್ನಿಬ್ಬರು ನಿಂತು, ಇವರು ಯಾವಾಗ ಏಳ್ತಾರೋ ಅಂತ ತಟ್ಟೆ ನೋಡುತ್ತಿರುತ್ತಾರೆ. ಜನ ನಿಂತಿದ್ದಾರೆ ಅಂದರೆ ಜಾಗ ಸಾಲದು, ಜಾಗ ಸಾಲದು ಅಂದರೆ ಟೇಬಲ್ ಬೇಕು. ಮಾವನ ಲೆಕ್ಕ ಅಷ್ಟೇ. ಕೈ ತೊಳೆಯುವ ಜಾಗ ಹಿಂದಕ್ಕೆ ಸರಿಸಿ, ಅಡ್ಡಗೋಡೆ ಒಡೆಸಿ, ಗ್ರಾನೈಟ್ ಕಲ್ಲಿನ ಟೇಬಲ್ ಕೂರಿಸಿದರು.

ಮೊದಲ ಭಾನುವಾರ ಆಗಿದ್ದು ಏನೆಂದರೆ, ನಿಂತು ಕಾಯುತ್ತಿದ್ದವರು ಕೂತು ಕಾಯತೊಡಗಿದರು. ಗಲಾಟೆ ಮಾತ್ರ ಮೊದಲಿಗಿಂತ ಜಾಸ್ತಿ ಆಯಿತು. ಹೊರಗೆ ನಿಂತವನು 'ನಮ್ಮ ಪಾಳಿ ಇನ್ನೂ ಬಂದಿಲ್ಲ' ಅಂತ ಸುಮ್ಮನಿರುತ್ತಾನೆ. ಕೂತವನ ಮುಂದೆ ನೀರಿನ ಲೋಟ ಬಂದಿರುತ್ತದೆ, ಚಟ್ನಿ ಬಂದಿರುತ್ತದೆ, ದೋಸೆ ಬಂದಿರುವುದಿಲ್ಲ. ಅವನ ಸಿಟ್ಟೇ ಬೇರೆ.

ಅದೇ ವಾರ ಮಾವನ ಮಗ ನೋಟ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ತೋಳಹುಣಸೆಯ ಕ್ಯಾಂಪಸ್ಸಿನಲ್ಲಿ, ದಾವಣಗೆರೆ ವಿಶ್ವವಿದ್ಯಾಲಯದಲ್ಲಿ, ಎಂಬಿಎ ಓದುತ್ತಿದ್ದಾನೆ. "ಅಕ್ಕಾ, ಈ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಅಂದ್ರೆ ಏನು ಅಂತ ಒಂದ್ ಸಲ ಹೇಳ್ಬಿಡು. ಬಾಯಿಪಾಠ ಮಾಡಿದೀನಿ, ತಲೆಗೆ ಹೋಗ್ತಿಲ್ಲ." ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಆರು ವರ್ಷ ಐಇ ವಿಭಾಗದಲ್ಲಿದ್ದೆ. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂತ ದೊಡ್ಡ ಹೆಸರು. ದಿನವಿಡೀ ಸ್ಟಾಪ್‌ವಾಚ್ ಹಿಡಿದು ಹೊಲಿಗೆ ಲೈನಿನ ಪಕ್ಕ ನಿಲ್ಲುವುದೇ ಕೆಲಸ. ಹಾಗಾಗಿ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ನಾನೇ ಪಂಡಿತೆ.

ಅವನ ನೋಟ್ಸಿನ ಮೊದಲ ಪುಟದಲ್ಲಿ ಒಂದು ಚೌಕ. ಎಡಗಡೆಯಿಂದ ಬಾಣ ಒಳಗೆ ಹೋಗುತ್ತದೆ, ಬಲಗಡೆಯಿಂದ ಹೊರಗೆ ಬರುತ್ತದೆ. ಒಳಗೆ ಹೋಗುವುದು ಸಾಮಾನು, ಜನ, ದುಡ್ಡು, ಯಂತ್ರ. ಹೊರಗೆ ಬರುವುದು ವಸ್ತು ಅಥವಾ ಸೇವೆ. ನಡುವಿನ ಚೌಕವನ್ನು ನೋಡಿಕೊಳ್ಳುವ ಕೆಲಸವೇ ಆಪರೇಷನ್ಸ್. ತಪ್ಪೇನಿಲ್ಲ. ಆದರೆ ಆ ಚೌಕ ನೋಡಿದರೆ ಕೆಲಸ ಬಾಣದ ಹಾಗೆ ನೇರ ಹರಿದುಹೋಗುತ್ತದೆ ಅನಿಸುತ್ತದೆ. ನಾನು ನೋಡಿದ ಯಾವ ಕೆಲಸವೂ ಹಾಗೆ ಹರಿದಿಲ್ಲ. ಒಂದು ಕಡೆ ನಿಲ್ಲುತ್ತದೆ, ರಾಶಿ ಬೀಳುತ್ತದೆ, ಆಮೇಲೆ ಸ್ವಲ್ಪ ಚಲಿಸುತ್ತದೆ, ಮತ್ತೆ ನಿಲ್ಲುತ್ತದೆ. ನೋಡಬೇಕಾದದ್ದು ಆ ನಿಲ್ಲುವ ಜಾಗಗಳನ್ನು. ಅದಕ್ಕೇ ಅವನಿಗೆ ಪುಸ್ತಕ ಮುಚ್ಚಿಡು ಅಂದೆ. ಮೊದಲು ನಮ್ಮ ಅಪ್ಪನ ಭಟ್ಟಿಯ ಕಥೆ ಹೇಳಿದೆ.

ನಮ್ಮಪ್ಪನದು ಸಣ್ಣ ಮಂಡಕ್ಕಿ ಭಟ್ಟಿ. ಈಗ ಇಲ್ಲ. ಮಂಡಕ್ಕಿ ಅಂದರೆ ಅಕ್ಕಿ ಹುರಿದರೆ ಆಯಿತು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಮೊದಲು ಭತ್ತ ನೆನೆಸಬೇಕು, ಬಿಸಿ ಮಾಡಬೇಕು, ಒಣಗಿಸಬೇಕು, ಮಿಲ್ಲಿಗೆ ಹಾಕಿ ಹೊಟ್ಟು ತೆಗೆಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಮತ್ತೆ ಆರಿಸಬೇಕು. ಕೊನೆಯಲ್ಲಿ ಕಾದ ಮರಳಿಗೆ ಹಾಕಿದರೆ ಚಟಪಟ ಅಂತ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅರಳುವುದು ಕ್ಷಣದ ಕೆಲಸ. ಅದರ ಹಿಂದಿನ ನೆನೆ, ಒಣಗು, ಕಾಯಿ ಎಲ್ಲ ಸೇರಿ ದಿನಗಟ್ಟಲೆ.

ಇದರಲ್ಲಿ ಅಪ್ಪನ ಜಾಣತನ ಒಂದಿತ್ತು. ನನಗೆ ಎಂಬಿಎ ಮುಗಿಸಿದ ಮೇಲೇ ಅದು ಜಾಣತನ ಅಂತ ಗೊತ್ತಾಗಿದ್ದು. ಅವರು ಮಂಡಕ್ಕಿಯನ್ನು ಜಾಸ್ತಿ ಕೂಡಿಡುತ್ತಿರಲಿಲ್ಲ. ಉಪ್ಪು ಹಿಡಿಸಿದ ಅಕ್ಕಿಯನ್ನು ಕೂಡಿಡುತ್ತಿದ್ದರು. ಮಂಡಕ್ಕಿ ಅಕ್ಕಿಗಿಂತ ಹಲವು ಪಟ್ಟು ಜಾಗ ತಿನ್ನುತ್ತದೆ. ಮಳೆಗಾಲದ ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಒಮ್ಮೆ ಅರಳಿದ್ದನ್ನು ಮತ್ತೆ ಅಕ್ಕಿ ಮಾಡಲಾಗುವುದಿಲ್ಲ. ಅಕ್ಕಿಯಾದರೆ ಮೂಲೆಯಲ್ಲಿ ನಾಲ್ಕು ಚೀಲ ಸುಮ್ಮನೆ ಕೂತಿರುತ್ತದೆ. ಗಿರಾಕಿ ಬಂದು ಕೇಳಿದ ದಿನ ಹುರಿದರೆ ಆಯಿತು. ಅಂದರೆ ನಿಧಾನದ ಕೆಲಸವನ್ನೆಲ್ಲ ಮೊದಲೇ ಮುಗಿಸಿಟ್ಟು, ಬೇಗ ಆಗುವ ಕೊನೆಯ ಒಂದು ಹೆಜ್ಜೆಯನ್ನು ಮಾತ್ರ ಉಳಿಸಿಕೊಳ್ಳುವುದು. ಪುಸ್ತಕದಲ್ಲಿ ಇದಕ್ಕೆ ಪೋಸ್ಟ್‌ಪೋನ್‌ಮೆಂಟ್ ಅನ್ನುತ್ತಾರೆ. ಬಣ್ಣದ ಅಂಗಡಿಯಲ್ಲಿ ನಿಮ್ಮ ಮುಂದೆಯೇ ಬಿಳಿ ಡಬ್ಬಿಗೆ ಬಣ್ಣ ಬೆರೆಸಿ ಕೊಡುತ್ತಾರಲ್ಲ, ಅದೂ ಇದೇ. ಸಾವಿರ ಬಣ್ಣದ ಡಬ್ಬಿ ಯಾರು ಇಟ್ಟುಕೊಳ್ಳುತ್ತಾರೆ?

ಇಷ್ಟು ಜಾಣರಾದ ಅಪ್ಪ ಒಂದು ಸಲ ಸರಿಯಾಗಿ ಬಿದ್ದರು. ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಬಂತು ಅಂದರೆ ಮಂಡಕ್ಕಿಗೆ ಬೇಡಿಕೆ ಏರುತ್ತದೆ. ಆ ಸಲ ಅಂಗಡಿಯವರೆಲ್ಲ 'ಮಾಲು ಸಿಗದಿದ್ದರೆ ಕಷ್ಟ' ಅಂತ ಬೇಕಾದ್ದಕ್ಕಿಂತ ದುಪ್ಪಟ್ಟು ಹೇಳಿಟ್ಟರು. ಒಂದೇ ಭಟ್ಟಿಗೆ ಹೇಳಿದರೂ ಸೈ. ಎರಡು ಮೂರು ಭಟ್ಟಿಗೆ ಹೇಳಿ, ಮೊದಲು ಕೊಟ್ಟವರ ಹತ್ತಿರ ತಗೊಂಡು ಉಳಿದವರಿಗೆ ಕೈ ಎತ್ತಿದರು. ತಿನ್ನುವವರ ಬೇಡಿಕೆ ಸ್ವಲ್ಪ ಏರಿದ್ದಕ್ಕೆ ಅಂಗಡಿಯ ಆರ್ಡರ್ ಇನ್ನಷ್ಟು ಏರಿತು, ಭಟ್ಟಿಯಲ್ಲಿ ಅದು ಬೆಟ್ಟವಾಯಿತು. ಇದಕ್ಕೂ ಒಂದು ಹೆಸರಿದೆ, ಬುಲ್‌ವಿಪ್. ಚಾಟಿಯ ಹಿಡಿಯನ್ನು ಒಂಚೂರು ಅಲ್ಲಾಡಿಸಿದರೆ ತುದಿ ಮಾರುದ್ದ ಹಾರುತ್ತದಲ್ಲ, ಹಾಗೆ. ತುದಿಯಲ್ಲಿ ಇದ್ದವರು ನಮ್ಮಪ್ಪ. ಜಾತ್ರೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಮೆಣಸಿನಕಾಯಿ ಇತ್ತು ಅನ್ನೋದೇ ಸಮಾಧಾನ.

ಅದಾದ ಮೇಲೆ ಅಪ್ಪ ಒಂದು ನಿಯಮ ಮಾಡಿದರು. ಖಾಲಿ ಚೀಲ ತಂದವರಿಗೆ ಮಾತ್ರ ತುಂಬಿದ ಚೀಲ. ನಾಲ್ಕು ಚೀಲ ಖಾಲಿಯಾಗಿ ಬಂದರೆ ನಾಲ್ಕು ಚೀಲದಷ್ಟೇ ಹುರಿಯುವುದು. ಬಾಯಿಮಾತಿನ ಆರ್ಡರ್ ಬೇಡ, ಖಾಲಿ ಚೀಲವೇ ಆರ್ಡರ್. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಎಂಬವರು ಬೆಳೆಸಿದ ಕಾನ್‌ಬಾನ್ ಪದ್ಧತಿಯ ಜೀವ ಇದೇ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನೇ ಮತ್ತೆ ಕಪಾಟಿಗೆ ತುಂಬುತ್ತಾರೆ ಎಂಬುದು ಅವರಿಗೆ ಈ ದಾರಿ ತೋರಿಸಿತು. ಮುಂದಿನವನು ಬಳಸಿ ಚೀಟಿ ಕಳಿಸಿದರೆ ಮಾತ್ರ ಹಿಂದಿನವನು ಮಾಡಬೇಕು. ಅಪ್ಪನಿಗೆ ಓನೊ ಗೊತ್ತಿರಲಿಲ್ಲ. ಗೋಣಿಚೀಲ ಗೊತ್ತಿತ್ತು.

ಇಲ್ಲಿಯವರೆಗೆ ನಮ್ಮ ಈ ತಮ್ಮ, ಮಾವನ ಮಗ, ತಲೆಯಾಡಿಸುತ್ತಾ ಕೇಳಿದ. ಆಮೇಲೆ ಒಳ್ಳೆಯ ಪ್ರಶ್ನೆ ಹಾಕಿದ. "ದೋಸೆನೂ ಹಂಗೇ ಮಾಡಬಹುದಲ್ಲ? ಶನಿವಾರ ಖಾಲಿ ಇರುವಾಗ ಮಾಡಿಟ್ಟು ಭಾನುವಾರ ಕೊಟ್ಟರೆ?"

ಕೊಟ್ಟು ನೋಡು, ಅಂದೆ.

ತಯಾರಿಕೆಗೂ ಸೇವೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಹಿಟ್ಟನ್ನು ಕೂಡಿಡಬಹುದು. ಅದರಲ್ಲಿ ಅಕ್ಕಿ, ಉದ್ದು, ಜೊತೆಗೆ ಮಂಡಕ್ಕಿಯೂ ಇರುತ್ತದೆ. ಹಾಗಾಗಿ ಅಪ್ಪನ ಭಟ್ಟಿಯ ಮಾಲೇ ಮಾವನ ಹೋಟೆಲಿನ ಕಚ್ಚಾ ಸಾಮಾನು. ಬೆಣ್ಣೆ ಕೂಡಿಡಬಹುದು. ಆದರೆ ಹಂಚಿನಿಂದ ಇಳಿದು ಬೆಣ್ಣೆ ಇನ್ನೂ ಕರಗುತ್ತಿರುವಾಗ ತಟ್ಟೆಗೆ ಬರುವ ದೋಸೆಯನ್ನು ಕೂಡಿಡಲಾಗದು. ಗಿರಾಕಿ ಎದುರಿಗೇ ಕೂತಿರುತ್ತಾನೆ. ಮಾಡುವುದು, ಕೊಡುವುದು, ತಿನ್ನುವುದು ಎಲ್ಲ ಒಂದೇ ಹೊತ್ತಿಗೆ. ಮಂಗಳವಾರ ಮಧ್ಯಾಹ್ನ ಖಾಲಿ ಕಾದ ಹಂಚಿನ ಹೊತ್ತನ್ನು ಭಾನುವಾರಕ್ಕೆ ಎತ್ತಿಡಲು ಬರುವುದಿಲ್ಲ. ಖಾಲಿ ಓಡಿದ ಬಸ್ಸಿನ ಸೀಟು, ರೋಗಿಯಿಲ್ಲದ ಡಾಕ್ಟರ ಅರ್ಧ ಗಂಟೆ, ಎಲ್ಲ ಹಾಗೇ. ಕಾರ್ಖಾನೆಯಲ್ಲಿ ಸಾಮಾನಿನ ರಾಶಿ ಬೀಳುತ್ತದೆ, ಸೇವೆಯಲ್ಲಿ ಜನರ ರಾಶಿ ಬೀಳುತ್ತದೆ. ಮೂಟೆಗೆ ಸಿಟ್ಟು ಬರುವುದಿಲ್ಲ, ಜನಕ್ಕೆ ಬರುತ್ತದೆ.

ಮುಂದಿನ ಭಾನುವಾರ ನಾವಿಬ್ಬರೂ ಹೋಟೆಲಿನಲ್ಲಿ ಕೂತೆವು. ಎಂಟರಿಂದ ಹತ್ತು. ಅವನ ಕೈಯಲ್ಲಿ ನೋಟ್‌ಬುಕ್, ನನ್ನ ಕೈಯಲ್ಲಿ ಹಳೆಯ ಸ್ಟಾಪ್‌ವಾಚ್. ಮಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡಿ "ಏನವ್ವ, ಹೋಟ್ಲಿಗೂ ಇನ್‌ಸ್ಪೆಕ್ಷನ್ನಾ?" ಅಂದರು.

ಬಾಗಿಲು ದಾಟಿ ಹೊರಹೋದವರನ್ನು ಅವನು ಎಣಿಸಿದ. ಗಂಟೆಗೆ ಸುಮಾರು 46 ಜನ. ಕೂತವರು, ನಿಂತವರು ಸೇರಿ ಯಾವಾಗ ಎಣಿಸಿದರೂ ಹೆಚ್ಚು ಕಡಿಮೆ 40. ಇಷ್ಟು ಸಾಕು ನನಗೆ, ಒಬ್ಬೊಬ್ಬರು ಎಷ್ಟು ಹೊತ್ತು ಇಲ್ಲಿರುತ್ತಾರೆ ಹೇಳ್ತೀನಿ ಅಂದೆ. 40ನ್ನು 46ರಿಂದ ಭಾಗಿಸಿದರೆ 0.87 ಗಂಟೆ. ಅಂದರೆ 52 ನಿಮಿಷ. ಅವನು ನಂಬಲಿಲ್ಲ. ಕೆಂಪು ಅಂಗಿಯವರೊಬ್ಬರನ್ನು, ಎರಡು ಮಕ್ಕಳ ಒಂದು ಸಂಸಾರವನ್ನು, ಇನ್ನೂ ಕೆಲವರನ್ನು ಗುರುತು ಹಾಕಿ ಅವರು ಬಂದ ಹೊತ್ತು ಹೋದ ಹೊತ್ತು ಬರೆದ. 48, 55, 51. ಅವನ ಮುಖ ನೋಡಬೇಕಿತ್ತು. ಇದನ್ನು ಲಿಟ್ಲ್ಸ್ ಲಾ ಅನ್ನುತ್ತಾರೆ. ಜಾನ್ ಲಿಟ್ಲ್ ಎಂಬ ಅಮೆರಿಕದ ಪ್ರಾಧ್ಯಾಪಕರು 1961ರಲ್ಲಿ ಗಣಿತದ ಮೂಲಕ ಸಾಧಿಸಿದ್ದು. ಒಳಗಿರುವವರ ಸಂಖ್ಯೆ ಅಂದರೆ ಗಂಟೆಗೆ ಹಾದುಹೋಗುವವರು ಗುಣಿಸು ಒಬ್ಬೊಬ್ಬರು ಇರುವ ಹೊತ್ತು. ಹೋಟೆಲಾಗಲಿ, ತಾಲ್ಲೂಕು ಆಫೀಸಿನ ಫೈಲಾಗಲಿ, ಕಾರ್ಖಾನೆಯ ಬಿಡಿಭಾಗವಾಗಲಿ, ಬರುವುದು ಹೋಗುವುದು ಒಂದು ಸಮ ಇದ್ದರೆ ಸಾಕು, ಈ ಲೆಕ್ಕ ನಿಲ್ಲುತ್ತದೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೊಂದೇ. ಬಾಗಿಲಲ್ಲಿ ಕೂತು ಎರಡು ಎಣಿಕೆ ಮಾಡಿದರೆ ಮೂರನೆಯದು ತಾನಾಗೇ ಸಿಗುತ್ತದೆ.

ಎರಡು ದೋಸೆ ತಿನ್ನಲು ಒಬ್ಬರಿಗೆ ಹದಿನೈದು ನಿಮಿಷ ಬೇಕು. ಉಳಿದ 37 ನಿಮಿಷ ಕಾಯುವುದೇ. ಮಾವನಿಗೆ ಹೇಳಿದಾಗ ಅವರು ತಕ್ಷಣ ತಿರುಗಿದ್ದು ಹಂಚಿನ ಮುಂದೆ ನಿಂತ ಅಣ್ಣನ ಕಡೆಗೆ. "ನೋಡ್ದ್ಯಾ, ನಾ ಹೇಳ್ಲಿಲ್ವಾ? ಇವ್ನು ನಿಧಾನ."

ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಒಂದು ಥರಾ ಆಯಿತು. ಯಾಕೆ ಅಂತ ಹೇಳಬೇಕು.

ಗಾರ್ಮೆಂಟ್ಸ್‌ನಲ್ಲಿ ನನ್ನ ಮೊದಲ ವರ್ಷ. ಶರ್ಟಿನ ಲೈನು. ಒಬ್ಬರು ಜೇಬು ಹಚ್ಚುತ್ತಾರೆ, ಒಬ್ಬರು ಭುಜ ಜೋಡಿಸುತ್ತಾರೆ, ಒಬ್ಬರು ತೋಳು, ಒಬ್ಬರು ಕಾಲರ್. ಶರ್ಟಿನ ತುಂಡುಗಳ ಬಂಡಲ್ ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದಕ್ಕೆ ಹೋಗುತ್ತದೆ. ಹೆನ್ರಿ ಫೋರ್ಡ್ 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರಿನ ಚಾಸಿಯನ್ನು ಜನರ ಮುಂದೆ ಸರಿಯುವಂತೆ ಮಾಡಿ, ಹನ್ನೆರಡೂವರೆ ಗಂಟೆಯ ಜೋಡಣೆಯನ್ನು ಒಂದೂವರೆ ಗಂಟೆಗೆ ಇಳಿಸಿದ ಕಥೆ ಇದೆಯಲ್ಲ, ಆ ಕಥೆಯ ಮೊಮ್ಮಗಳು ನಮ್ಮ ಲೈನು. ಕಾಲರ್ ಹಚ್ಚುವ ಅಕ್ಕನ ಮುಂದೆ ಯಾವಾಗಲೂ ಬಂಡಲ್ ರಾಶಿ. ಮೊಣಕಾಲೆತ್ತರ. ಸೂಪರ್‌ವೈಸರ್ ಬಂದು ಬೈಯುತ್ತಿದ್ದರು. ನಾನೂ ರಿಪೋರ್ಟಿನಲ್ಲಿ ಅವರ ಮಷೀನ್ ನಂಬರ್ ಬರೆದು ಪಕ್ಕದಲ್ಲಿ 'ನಿಧಾನ' ಅಂತ ಬರೆದೆ. ರಾಶಿ ಕಣ್ಣಿಗೆ ಕಾಣುತ್ತಿತ್ತಲ್ಲ, ಇನ್ನೇನು ಸಾಕ್ಷಿ ಬೇಕು?

ವಾರ ಕಳೆದ ಮೇಲೆ ಒಂದೊಂದೇ ಮಷೀನಿಗೆ ಸ್ಟಾಪ್‌ವಾಚ್ ಹಿಡಿದೆ. ಉಳಿದ ಕೆಲಸಗಳು ಶರ್ಟಿಗೆ 45 ಸೆಕೆಂಡ್ ತಗೊಳ್ಳುತ್ತಿದ್ದವು. ಅಂದರೆ ಗಂಟೆಗೆ 80. ಕಾಲರ್ ಕೆಲಸವೇ 60 ಸೆಕೆಂಡಿನದು, ಗಂಟೆಗೆ 60. ಅದು ಕಷ್ಟದ ಹೊಲಿಗೆ. ಎರಡು ತುದಿ ಸಮ ಬರಬೇಕು, ಮಡಿಕೆ ಬೀಳಬಾರದು. ಬೇರೆ ಲೈನಿನ ಇನ್ನಿಬ್ಬರನ್ನು ಕೂರಿಸಿ ನೋಡಿದರೆ 68, 71 ಸೆಕೆಂಡ್. ಅಂದರೆ ಆ ಅಕ್ಕ ನಮ್ಮಲ್ಲಿ ಆ ಕೆಲಸದಲ್ಲಿ ಎಲ್ಲರಿಗಿಂತ ಬಿರುಸು. ಗಂಟೆಗೆ 20 ಶರ್ಟು ಅವರ ಮುಂದೆ ರಾಶಿ ಬೀಳಲೇಬೇಕು, ಎಂಟು ಗಂಟೆಗೆ 160. ದೇವರೇ ಬಂದು ಆ ಸ್ಟೂಲಿನ ಮೇಲೆ ಕೂತರೂ ರಾಶಿ ಬೀಳುತ್ತಿತ್ತು. ರಾಶಿ ಹೇಳುತ್ತಿದ್ದದ್ದು ಆ ಜಾಗದ ವಿಷಯ. ನಾನು ಅದನ್ನು ಆ ಮನುಷ್ಯಳ ವಿಷಯ ಅಂತ ಓದಿದ್ದೆ.

ಆಮೇಲೆ ಕಾಲರಿಗೆ ಇನ್ನೊಂದು ಮಷೀನ್ ಕೊಟ್ಟರು, ರಾಶಿ ಕರಗಿತು. ನಾನು ರಿಪೋರ್ಟ್ ತಿದ್ದಿ ಮತ್ತೆ ಕೊಟ್ಟೆ. ಆದರೆ ಮೊದಲ ರಿಪೋರ್ಟ್ ಓದಿದವರೆಲ್ಲ ಎರಡನೆಯದನ್ನು ಓದಿರಲಿಲ್ಲ. ಆ ವರ್ಷ ಆ ಅಕ್ಕನಿಗೆ ಸಂಬಳದಲ್ಲಿ ಬರಬೇಕಾದ ಏರಿಕೆ ಬರಲಿಲ್ಲ. ಅವರಿಗೆ ಅದು ನನ್ನ ಕೈಬರಹ ಅಂತ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ನನಗೆ ಶೇಂಗಾ ಚಟ್ನಿ ಕೊಡುತ್ತಿದ್ದರು. ನಾನು ತಿನ್ನುತ್ತಿದ್ದೆ.

ಹಾಗಾಗಿ ಮಾವನಿಗೆ "ಸ್ವಲ್ಪ ತಡೀರಿ ಮಾವ" ಅಂದೆ. ಅಣ್ಣನನ್ನು ಬಿಟ್ಟು ಹಂಚಿಗೆ ಸ್ಟಾಪ್‌ವಾಚ್ ಹಿಡಿದೆ.

ಹಂಚಿನ ಮೇಲೆ ಒಂದು ಸಲಕ್ಕೆ ಎಂಟು ದೋಸೆ. ನೀರು ಚಿಮುಕಿಸಿ ಸಣ್ಣ ಬಾರಿಗೆಯಿಂದ ಗುಡಿಸುವುದರಿಂದ ಹಿಡಿದು, ಹಿಟ್ಟು ಹರಡಿ, ಬೆಣ್ಣೆ ಹಾಕಿ, ತಟ್ಟೆಗೆ ಇಳಿಸುವವರೆಗೆ ನಾಲ್ಕು ನಿಮಿಷ. ಈ ನಾಲ್ಕು ನಿಮಿಷದಲ್ಲಿ ಅಣ್ಣನ ಕೈ ಒಂದು ಕ್ಷಣ ಸುಮ್ಮನಿರಲಿಲ್ಲ. ಲೆಕ್ಕದ ಪ್ರಕಾರ ಗಂಟೆಗೆ 120 ದೋಸೆ ಬರಬೇಕು. ಬರುತ್ತಿದ್ದದ್ದು 92. ತಲೆಗೆ ಎರಡರಂತೆ 46 ಜನ. ನಮ್ಮ ಬಾಗಿಲ ಎಣಿಕೆಯೂ ಅದೇ. ಹಾಗಾದರೆ 28 ದೋಸೆ ಎಲ್ಲಿ ಹೋದವು?

ಗಂಟೆಯಲ್ಲಿ 14 ನಿಮಿಷ ಹಂಚು ಖಾಲಿ ಕಾದಿತ್ತು. ಹಿಟ್ಟಿನ ಬಕೆಟ್ ಮುಗಿದರೆ ಅಣ್ಣನೇ ಒಳಗೆ ಹೋಗಿ ತರಬೇಕು. ಕಟ್ಟಿಗೆ ಆರಿದರೆ ಅವರೇ ಬಗ್ಗಿ ತುರುಕಿ, ಉರಿ ಏಳುವವರೆಗೆ ಕಾಯಬೇಕು. ಬೆಣ್ಣೆ ಗಟ್ಟಿ ಮುದ್ದೆಯಾಗಿ ಬರುತ್ತಿತ್ತು, ಅದನ್ನು ಅವರೇ ಬಿಡಿಸಬೇಕು. ಇದರ ಮೇಲೆ, ಭಾನುವಾರ ಹತ್ತರವರೆಗೆ ಪಾರ್ಸಲ್ ಇಲ್ಲ ಅಂತ ಬೋರ್ಡ್ ಹಾಕಿದ್ದರೂ, ಗುರುತಿನವರು ನೇರ ಹಂಚಿನ ಹತ್ತಿರ ಬಂದು "ಅಣ್ಣಾ ಎರಡೇ ಎರಡು, ಮನೇಲಿ ಅಜ್ಜಿ ಐದಾಳೆ" ಅನ್ನುತ್ತಿದ್ದರು. ಅಷ್ಟು ಅಜ್ಜಿಯಂದಿರು ದಾವಣಗೆರೆಯಲ್ಲಿ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಇಡೀ ಹೋಟೆಲಿನಲ್ಲಿ ಕಿರಿದಾದ ಜಾಗ ಅಂದರೆ ಹಂಚು. ಅದು ಒಂದು ನಿಮಿಷ ನಿಂತರೆ ಹೋಟೆಲೇ ಒಂದು ನಿಮಿಷ ನಿಂತ ಹಾಗೆ. ಚಟ್ನಿ ರುಬ್ಬುವುದು ಐದು ನಿಮಿಷ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಟೇಬಲ್ಲು ನಾಲ್ಕಲ್ಲ, ನಲವತ್ತು ಹಾಕಿದರೂ ಗಂಟೆಗೆ 92 ದೋಸೆಯೇ. ಮಾವ ದುಡ್ಡು ಹಾಕಿದ್ದು ಕಿರಿದಲ್ಲದ ಜಾಗಕ್ಕೆ.

ತಮ್ಮನಿಗೆ ಇದನ್ನು ಹೇಳುವಾಗ ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಉದಾಹರಣೆ ಕೊಟ್ಟೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ್ದು. ಅಲ್ಲಿ ಒಬ್ಬ ಸರ್ಜನ್ನಿಗೆ ಎರಡು ಟೇಬಲ್. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಪಕ್ಕದ್ದರ ಮೇಲೆ ಮುಂದಿನ ರೋಗಿಯನ್ನು ನರ್ಸುಗಳು ಸಿದ್ಧ ಮಾಡಿರುತ್ತಾರೆ. ಸರ್ಜನ್ ಆ ಕಡೆಯಿಂದ ಈ ಕಡೆ ತಿರುಗಿದರೆ ಸಾಕು. ಅಲ್ಲಿ ಸಿಗುವುದು ಕಷ್ಟವಾದದ್ದು ಸರ್ಜನ್ನಿನ ಹೊತ್ತು, ಆ ಹೊತ್ತು ಕಾಯುವುದರಲ್ಲಿ ಹೋಗಬಾರದು. ಟೇಬಲ್ ಹಾಕುವುದು ತಪ್ಪಲ್ಲ ನೋಡಿ. ಯಾವ ಜಾಗದಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ.

ನಾವು ಮಾಡಿದ್ದು ಚಿಲ್ಲರೆ ಕೆಲಸ. ತಟ್ಟೆ ಎತ್ತುವ ಹುಡುಗನಿಗೆ, ಬಕೆಟ್ಟಿನಲ್ಲಿ ಕಾಲು ಭಾಗ ಹಿಟ್ಟು ಉಳಿದಾಗಲೇ ಇನ್ನೊಂದು ತಂದಿಡಬೇಕು ಅಂತ ಹೇಳಿದೆವು. ಬಕೆಟ್ ಒಳಗೆ ಕೆಂಪು ಗೆರೆ ಎಳೆದೆವು. ಕಟ್ಟಿಗೆ ತುರುಕುವುದೂ ಅವನಿಗೇ. ಬೆಣ್ಣೆಯನ್ನು ಅತ್ತೆ ಬೆಳಗ್ಗೆ ಏಳಕ್ಕೇ ಉಂಡೆ ಕಟ್ಟಿ ನೀರಿಗೆ ಹಾಕಿಡತೊಡಗಿದರು. ಹಂಚಿನ ಪಕ್ಕ ಒಂದು ಅಡ್ಡ ಬೆಂಚು ಹಾಕಿದ ಮೇಲೆ ಅಜ್ಜಿಯರ ಸಂಖ್ಯೆ ಇಳಿಯಿತು. ಹಂಚು ಖಾಲಿ ಇರುವುದು 14 ನಿಮಿಷದಿಂದ 5ಕ್ಕೆ ಬಂತು. ಅಂದರೆ ಗಂಟೆಗೆ 110 ದೋಸೆವರೆಗೆ ಹಾಕಲು ಆಗುವಂತಾಯಿತು. ಒಂದು ಪೈಸೆ ಖರ್ಚಿಲ್ಲ, ಬೆಂಚೂ ಹಳೆಯದೇ. ಮೂರು ವಾರದ ಮೇಲೆ ಮತ್ತೆ ಎಣಿಸಿದಾಗ ಗಂಟೆಗೆ 50 ಜನ ಹೋಗುತ್ತಿದ್ದರು, ಒಳಗೆ ಇದ್ದವರು 26. ಭಾಗಿಸಿಕೊಳ್ಳಿ, 31 ನಿಮಿಷ.

ಮಾವ ಉಮೇದಿನಲ್ಲಿ "ಆ ಐದು ನಿಮಿಷನೂ ತೆಗೆದುಬಿಡಾಣ" ಅಂದರು. ಇಲ್ಲೇ ಜಾಣರೂ ಎಡವುವುದು. ಯಂತ್ರ, ಮನುಷ್ಯ ನೂರಕ್ಕೆ ನೂರು ದುಡಿಯುತ್ತಿದ್ದರೆ ಲಾಭ ಅಂತ ಎಲ್ಲರಿಗೂ ಅನಿಸುತ್ತದೆ. ಜನ ಗಡಿಯಾರದ ಹಾಗೆ ಬಂದರೆ ಅದು ನಿಜ. ಜನ ಹಾಗೆ ಬರುವುದಿಲ್ಲ. ಹತ್ತು ನಿಮಿಷ ಯಾರೂ ಇಲ್ಲ, ಆಮೇಲೆ ಹಂಪಿಗೆ ಹೊರಟ ಟಿಟಿ ಗಾಡಿಯೊಂದು ಬಂದು ಹದಿನಾಲ್ಕು ಜನ ಒಟ್ಟಿಗೆ ಇಳಿಯುತ್ತಾರೆ. ಒಂದೇ ಕೌಂಟರ್ ಇದ್ದು ಜನ ಬೇಕೆಂದಾಗ ಬರುವ ಸರಳ ಲೆಕ್ಕ ತಗೊಂಡರೆ, ಕೌಂಟರ್ ನೂರಕ್ಕೆ 80ರಷ್ಟು ಹೊತ್ತು ದುಡಿಯುತ್ತಿದ್ದಾಗ ಒಬ್ಬರ ಕೆಲಸಕ್ಕೆ ಬೇಕಾದ ಹೊತ್ತಿನ ನಾಲ್ಕು ಪಟ್ಟು ಕಾಯಬೇಕು. 90 ಆದರೆ ಒಂಬತ್ತು ಪಟ್ಟು. 95 ಆದರೆ ಹತ್ತೊಂಬತ್ತು ಪಟ್ಟು. 90ರಿಂದ 95ಕ್ಕೆ ಏರಿದ ಆ ಐದಕ್ಕೇ ಕಾಯುವುದು ಎರಡರಷ್ಟಕ್ಕೂ ಹೆಚ್ಚಾಗುತ್ತದೆ. ಸಾಲಿನ ಈ ಲೆಕ್ಕವನ್ನು ಶುರು ಮಾಡಿದ್ದು ಡೆನ್ಮಾರ್ಕಿನ ಅಗ್ನರ್ ಎರ್ಲಾಂಗ್, 1909ರಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿಗಾಗಿ.

ಅಮ್ಮನನ್ನು ಮೊಣಕಾಲು ನೋವಿಗೆ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮೂವತ್ತು ಜನಕ್ಕೂ ಹತ್ತು ಗಂಟೆ ಅಂತಲೇ ಚೀಟಿ. ಡಾಕ್ಟರ್ ಒಂದು ಕ್ಷಣ ಖಾಲಿ ಕೂರಬಾರದು ಅನ್ನುವುದು ಅವರ ಲೆಕ್ಕ. ಅವರು ಕೂರಲಿಲ್ಲ, ಸರಿ. ನಾವು ಒಂದೂವರೆವರೆಗೆ ಕೂತೆವು, ಮೊಣಕಾಲು ನೋವಿನವರು, ಬೆನ್ನಿಲ್ಲದ ಬೆಂಚಿನ ಮೇಲೆ.

ಇನ್ನೊಂದು ನಗೆಯ ವಿಷಯ. ತಮ್ಮನ ನೋಟ್ಸಿನಲ್ಲಿ ಇಒಕ್ಯು ಸೂತ್ರ ಇತ್ತು. ಒಂದು ಸಲಕ್ಕೆ ಎಷ್ಟು ಸಾಮಾನು ತರಿಸಿದರೆ ಒಟ್ಟು ಖರ್ಚು ಕಡಿಮೆ ಅನ್ನುವ ಲೆಕ್ಕ. ಫೋರ್ಡ್ ಹ್ಯಾರಿಸ್ ಎಂಬವರು 1913ರಲ್ಲಿ ಕೊಟ್ಟದ್ದು. ಪದೇ ಪದೇ ತರಿಸಿದರೆ ಗಾಡಿ ಬಾಡಿಗೆ, ಹಮಾಲಿ. ಒಟ್ಟಿಗೇ ತರಿಸಿದರೆ ದುಡ್ಡು ಸಿಕ್ಕಿಬೀಳುತ್ತದೆ. ಎರಡೂ ಸಮ ಆಗುವ ಜಾಗ ಹುಡುಕಬೇಕು. ಅವನು ಅದನ್ನು ಹೋಟೆಲಿನ ಕಟ್ಟಿಗೆಗೆ ಹಾಕಿದ. ದಿನಕ್ಕೆ ಒಂದು ಕ್ವಿಂಟಲ್, ವರ್ಷಕ್ಕೆ 36 ಟನ್. ಒಂದು ಸಲ ತರಿಸಲು ಬಾಡಿಗೆ ಹಮಾಲಿ ಸೇರಿ 1,500 ರೂಪಾಯಿ. ಟನ್ನಿಗೆ 4,000, ಅದರ ಮೇಲೆ ಬಡ್ಡಿ ವರ್ಷಕ್ಕೆ 400. ಎರಡು ಗುಣಿಸು 36 ಗುಣಿಸು 1,500, ಭಾಗಿಸು 400, ವರ್ಗಮೂಲ. ಉತ್ತರ 16 ಟನ್ ಚಿಲ್ಲರೆ. ಓಡಿಬಂದು ತನ್ನ ಅಪ್ಪನಿಗೆ ಹೇಳಿದ. ಮಾವ ಶಾಂತವಾಗಿ "ಹಿತ್ತಲಲ್ಲಿ ನಾಕು ಟನ್ ಹಿಡಿಯುತ್ತೆ. ಉಳಿದ ಹನ್ನೆರಡನ್ನ ನಿನ್ನ ರೂಮಲ್ಲಿ ಇಡೋಣೇನು?" ಅಂದರು. ಪರೀಕ್ಷೆಯಲ್ಲಿ 16 ಅಂತಲೇ ಬರಿ ಅಂದೆ.

ಎಲ್ಲ ಸರಿಯಾಯಿತು ಅಂತ ಇಲ್ಲಿಗೆ ಬರೆದು ಮುಗಿಸಬಹುದಿತ್ತು. ಆದರೆ ಒಂದು ತಿಂಗಳಾದ ಮೇಲೆ ಹಂಚಿನ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಒಂದ್ ಮಾತು ಹೇಳ್ಲೇನವ್ವ, ಬೇಜಾರ್ ಮಾಡ್ಕೋಬ್ಯಾಡ. ಮೊದ್ಲು ಬಕೆಟ್ ತರಾಕೆ ಒಳಗೆ ಹೋಗ್ತಿದ್ನಲ್ಲ, ಅವಾಗ ಎರಡ್ ಗುಟುಕು ಚಾ ಕುಡೀತಿದ್ದೆ. ಬೆನ್ನು ನೆಟ್ಟಗೆ ಮಾಡ್ತಿದ್ದೆ. ಈಗ ಅದೂ ಇಲ್ಲ."

ನಾನು 14 ನಿಮಿಷ ಅಂತ ಬರೆದುಕೊಂಡಿದ್ದೆ. ಅದರೊಳಗೆ ಚಹಾ ಇತ್ತು, ಬೆನ್ನಿತ್ತು. ಕಟ್ಟಿಗೆಯ ಉರಿಯ ಮುಂದೆ ಎರಡು ಗಂಟೆ ಬಿಡುವಿಲ್ಲದೆ ನಿಂತು ನೋಡಿ, ಗೊತ್ತಾಗುತ್ತದೆ. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಎಂಬಲ್ಲಿನ ಸರ್ಕಾರಿ ಶಸ್ತ್ರ ಕಾರ್ಖಾನೆಗೆ ಕೆಲಸದ ಒಂದೊಂದು ಹೆಜ್ಜೆಗೂ ಹೊತ್ತು ಅಳೆಯುವ ಫ್ರೆಡ್ರಿಕ್ ಟೇಲರ್ ಪದ್ಧತಿಯ ಸ್ಟಾಪ್‌ವಾಚ್ ಬಂದಾಗ, ಅಚ್ಚು ಕಟ್ಟುವ ಕೆಲಸಗಾರರು ಕೆಲಸ ಬಿಟ್ಟು ಹೊರಗೆ ನಡೆದರು. ಆಮೇಲೆ ಅಲ್ಲಿನ ಸಂಸತ್ತೇ ಅಂಥ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಬಳಕೆಯನ್ನು ತಡೆಯಿತು. ಇದನ್ನು ನಾನು ಎಂಬಿಎಯಲ್ಲಿ ಓದಿದ್ದೆ. ಎರಡು ಅಂಕದ ಪ್ರಶ್ನೆಗೆ ಬರೆದಿದ್ದೆ ಕೂಡ.

ಮಾವನ ಹತ್ತಿರ ಮಾತಾಡಿದೆ. ಒಂಬತ್ತು ಗಂಟೆಗೆ ಹತ್ತು ನಿಮಿಷ ಅಣ್ಣನಿಗೆ ಬಿಡುವು, ಆ ಹೊತ್ತು ಹಂಚು ನಿಲ್ಲಬಾರದು ಅಂದರೆ ಯಾರಾದರೂ ನಿಲ್ಲಬೇಕು. ಯಾರು? ಎಲ್ಲರೂ ಮಾವನ ಮುಖ ನೋಡಿದರು. "ನಾನು ದೋಸೆ ಹಾಕಿ ಇಪ್ಪತ್ ವರ್ಷ ಆತು" ಅಂದರು. ಆದರೂ ಪಂಚೆ ಮೇಲೆ ಕಟ್ಟಿ ನಿಂತರು.

ಅಣ್ಣ ಈಗ ಒಂಬತ್ತಕ್ಕೆ ಹೊಸ ಟೇಬಲ್ಲೊಂದರ ಮುಂದೆ ಕೂತು ಚಹಾ ಕುಡಿಯುತ್ತಾರೆ. ಮಾವನ ದೋಸೆ ಒಂದೂ ದುಂಡಗೆ ಬರುವುದಿಲ್ಲ. ಒಂದು ಭದ್ರಾವತಿ ಕಡೆ ಹೋದರೆ ಇನ್ನೊಂದು ಹರಪನಹಳ್ಳಿ ಕಡೆ. ವಾರವಾರ ಬರುವ ಗಿರಾಕಿಗಳು ತಟ್ಟೆ ನೋಡಿ "ಓ, ಒಂಬತ್ ಆತು" ಅನ್ನುತ್ತಾರೆ.